ಕರೆಂಟು ಕಾರಿಗೆ ಸೂತಕ

ಒಂದಾನೊಂದು ಕಾಲದಲ್ಲಿ, ಅಂದರೆ ಎಸ್‌ಟಿಡಿ ಬೂತಿನ ಗಾಜಿನ ಗೂಡಿನೆದುರು ಜನ ಇನ್ನೂ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ, ಉಡುಪಿಯ ಕಡಿಯಾಳಿಯಲ್ಲಿ ಧರ್ಮಪಾಲ ಎಂಬ ರಾಜನಿದ್ದ. ರಾಜ್ಯ ಇರಲಿಲ್ಲ. ರಾಣಿಯೂ ಇರಲಿಲ್ಲ. ಇದ್ದದ್ದು ಬಾಡಿಗೆಯ ಒಂದು ಮಾಳಿಗೆ, ಒಂದು ಚಾಪೆ, ಒಂದು ಲೋಟ, ಊಟಕ್ಕೆ ಒಂದು ಸ್ಟೀಲಿನ ಬಟ್ಟಲು. ಬಟ್ಟಲು ಒಂದೇ ಇದ್ದದ್ದು ಬಡತನದಿಂದಲ್ಲ. ಎರಡನೆಯದು ಬೇಕಾಗುವ ಸಂದರ್ಭ ಬಂದಿರಲಿಲ್ಲ, ಅಷ್ಟೆ.

ಬೆಳಿಗ್ಗೆ ಮಣಿಪಾಲದ ಒಂದು ಆಫೀಸಿಗೆ ಹೋಗಿ ಲಕೋಟೆಗಳ ಮೇಲೆ ಊರವರ ವಿಳಾಸ ಬರೆಯುವುದು, ಸಂಜೆ ಬಂದು ಅನ್ನಕ್ಕಿಟ್ಟು ಒಬ್ಬನೇ ಉಣ್ಣುವುದು, ಆಮೇಲೆ ಕಿಟಕಿಯಲ್ಲಿ ಕೂತು ಕೆಳಗಿನ ಮನೆಯ ಟಿವಿಯ ಧಾರಾವಾಹಿಯನ್ನು ಕಿವಿಯಿಂದಲೇ ನೋಡುವುದು, ಇದು ರಾಜನ ದಿನಚರಿ. ಎಷ್ಟೋ ನಾಯಕಿಯರ ಅಳು ಅವನಿಗೆ ಗುರುತಿತ್ತು. ಮುಖ ಗೊತ್ತಿರಲಿಲ್ಲ.

ಅವನಿಗೆ ಭೂಮಿಯ ಮೇಲಿದ್ದ ಒಂದೇ ರಕ್ತಸಂಬಂಧ ಕಾರ್ಕಳದ ಅಕ್ಕ ಯಶೋಮತಿ. ಬಸದಿಯ ಹತ್ತಿರ ಮನೆ, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಸೂರ್ಯ ಮುಳುಗಿದ ಮೇಲೆ ಬಾಯಿಗೆ ಒಂದು ಅಗುಳೂ ಹಾಕದ ಗಟ್ಟಿ ಜೈನ ಹೆಂಗಸು. ತಮ್ಮನ ಕಡಿಯಾಳಿಯ ಮನೆಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಕಾರಣ ಜಗಳ ಅಲ್ಲ, ಡೀಸೆಲ್. ಬಸ್ಸಿನ ಹೊಗೆ ಮೂಗಿಗೆ ಬಡಿದರೆ ಸಾಕು, ಅವಳ ಹೊಟ್ಟೆ ತಿರುಗುತ್ತಿತ್ತು. ಎಷ್ಟು ಸಲ ಹೊರಟರೂ ಬೈಲೂರಿನವರೆಗೆ ಬಂದು, ಇಳಿದು, ವಾಂತಿ ಮಾಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ನಡೆದೇ ಹಿಂದೆ ಹೋಗುತ್ತಿದ್ದಳು. ಜೀಪಾಗಲಿ, ಅಂಬಾಸಿಡರ್ ಆಗಲಿ, ಬೈಲೂರು ಬೈಲೂರೇ.

"ನಾನು ಹೊಗೆ ಇಲ್ಲದ ಕಾರು ತರುತ್ತೇನೆ ಅಕ್ಕಾ," ಎಂದ ಒಂದು ದಿನ ಧರ್ಮಪಾಲ ಫೋನಿನಲ್ಲಿ. ಯಾಕೆ ಹಾಗೆಂದನೋ ಅವನಿಗೇ ಗೊತ್ತಿಲ್ಲ. ಬೂತು ನಡೆಸುವ ಲೊರ್ನಾ ಕೇಳುತ್ತಿದ್ದಳೆಂಬ ಜಂಬವೂ ಸ್ವಲ್ಪ ಇತ್ತು.

"ಹೊಗೆ ಇಲ್ಲದ ಕಾರು ಅಜ್ಜಿ ಕಥೆಯಲ್ಲಿ ಮಾತ್ರ ಧರ್ಮು. ಅದರಲ್ಲೂ ಕುದುರೆಗಳಿದ್ದವು, ಅವುಗಳಿಗೂ ವಾಸನೆ ಇತ್ತು."

"ತಂದರೆ?"

"ತಂದರೆ ಬರುತ್ತೇನೆ. ನಿನ್ನ ಮನೆಯಲ್ಲಿ ಕೂತು ನೀನು ಬಡಿಸಿದ್ದು ಉಣ್ಣುತ್ತೇನೆ. ಹೊತ್ತು ಮುಳುಗುವುದರೊಳಗೆ."

ಮಾತು ಕೊಟ್ಟಾಯಿತು. ಕಥೆಗಳಲ್ಲಿ ಮಾತು ಕೊಟ್ಟವರಿಗೆ ಹಕ್ಕಿಯೋ ಹಾವೋ ಬಂದು ದಾರಿ ತೋರಿಸುತ್ತದೆ. ಧರ್ಮಪಾಲನಿಗೆ ತೋರಿಸಿದ್ದು ವಿದೇಶಕ್ಕೆ ಹೊರಟಿದ್ದ ಮಣಿಪಾಲದ ಒಬ್ಬ ಡಾಕ್ಟರು. ಅವರ ಹತ್ತಿರ ಬೆಂಗಳೂರಿನಿಂದ ತರಿಸಿದ ಒಂದು ಕರೆಂಟು ಕಾರಿತ್ತು. ಎರಡು ಬಾಗಿಲು, ಗೇರಿಲ್ಲ, ಸದ್ದಿಲ್ಲ, ಕೊಳ್ಳುವವರಂತೂ ಇಲ್ಲವೇ ಇಲ್ಲ. ಸ್ಕೂಟರಿನ ಬೆಲೆಗೆ ಅದು ಧರ್ಮಪಾಲನದಾಯಿತು.

ಕಾರು ಕಡಿಯಾಳಿಗೆ ಬಂದದ್ದು ಯಾರಿಗೂ ಕೇಳಿಸಲಿಲ್ಲ. ಕೆಳಗಿನ ಮನೆಯ ಸುಂದರ ಎಂಬಾತ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದವನು ತಿರುಗಿದರೆ ಮೊಣಕಾಲಿಗೆ ತಾಗುವಂತೆ ಕಾರು. ಸುಂದರ ಬಹಳ ವರ್ಷ ಮಸ್ಕತ್‌ನಲ್ಲಿದ್ದು ಬಂದವನು. ವಾಹನಗಳ ವಿಷಯದಲ್ಲಿ ಅವನ ಮಾತೇ ಕಡೆಯದು. ಬಗ್ಗಿ ಕಾರಿನ ಹಿಂಭಾಗ ನೋಡಿದ.

"ಸೈಲೆನ್ಸರ್ ಬಿದ್ದುಹೋಗಿದೆ ಧರ್ಮಣ್ಣ."

"ಇದಕ್ಕೆ ಸೈಲೆನ್ಸರ್ ಇಲ್ಲ ಸುಂದರಣ್ಣ."

"ಅದೇ ಹೇಳಿದ್ದು, ಇಲ್ಲ. ಎಲ್ಲಿ ಬಿತ್ತು ಅಂತ ಹುಡುಕಬೇಕು."

ಸುಂದರನ ಹೆಂಡತಿ ಅಪ್ಪಿ ಪೂಜೆಗೆ ಭಟ್ಟರನ್ನು ಕರೆಸಿದಳು. ಭಟ್ಟರು ಮುಂದಿನ ಬಾನೆಟ್ ತೆರೆಸಿ ನೋಡಿದರೆ ಒಳಗೆ ಒಂದು ಸ್ಟೆಪ್ನಿ ಟಯರು ತಣ್ಣಗೆ ಮಲಗಿತ್ತು. ಎಂಜಿನಿಗೆ ಹಚ್ಚಬೇಕಾದ ಗಂಧವನ್ನು ಬೆರಳಲ್ಲಿ ಹಿಡಿದುಕೊಂಡು ಭಟ್ಟರು ಕಾರಿಗೆ ಒಂದು ಸುತ್ತು ಬಂದರು.

"ಎಂಜಿನ್ ಎಲ್ಲಿ ಉಂಟು?"

"ಎಂಜಿನ್ ಇಲ್ಲ ಭಟ್ಟರೇ. ಇಲ್ಲಿ ಪ್ಲಗ್ ಹಾಕುವುದು, ಇಲ್ಲಿಂದ ಕರೆಂಟು ಕುಡಿಯುತ್ತದೆ." ಧರ್ಮಪಾಲ ಎಡಬದಿಯ ಸಣ್ಣ ಮುಚ್ಚಳ ತೆರೆದು ತೋರಿಸಿದ.

ಭಟ್ಟರು ಕಣ್ಣು ಮುಚ್ಚಿ ಯೋಚಿಸಿದರು. "ಜೀವ ಎಲ್ಲಿಂದ ಒಳಗೆ ಹೋಗುತ್ತದೋ ಅದೇ ಮುಖ್ಯ ಸ್ಥಾನ," ಎಂದು ತೀರ್ಪು ಕೊಟ್ಟು, ಚಾರ್ಜು ಹಾಕುವ ಆ ಬಾಯಿಗೆ ಗಂಧ, ಅರಿಶಿನ, ಕುಂಕುಮ ಧಾರಾಳವಾಗಿ ಮೆತ್ತಿದರು.

ಆ ಸಂಜೆ ಧರ್ಮಪಾಲ ಪ್ಲಗ್ ಸಿಕ್ಕಿಸಿದ. ಕಾರು ಕುಂಯ್ ಎಂದಿತು. ಸ್ಟೇರಿಂಗಿನ ಹಿಂದೆ ಒಂದು ಹಳದಿ ದೀಪ ಹತ್ತಿತು. ದೀಪದೊಳಗೆ ಏನೋ ಒಂದು ಚಿತ್ರ. ಕರೆಂಟು ಮಾತ್ರ ಒಂದು ಹನಿಯೂ ಒಳಗೆ ಹೋಗಲಿಲ್ಲ.

ಸುದ್ದಿ ಹಬ್ಬಿತು. ಕತ್ತಲಾಗುವುದರೊಳಗೆ ಅಂಗಳ ತುಂಬಾ ಜನ. ಧರ್ಮಪಾಲನ ಹೆಸರೇ ಗೊತ್ತಿರದಿದ್ದವರೂ ಅವನ ಕಾರಿನೊಳಗೆ ತಲೆ ತೂರಿಸಿದರು.

"ಅದು ಇಸ್ತ್ರಿ ಪೆಟ್ಟಿಗೆಯ ಚಿತ್ರ," ಎಂದ ಸುಂದರ. "ಬಿಸಿಯಾಗಿದೆ ಅಂತ ಅರ್ಥ. ಮಸ್ಕತ್‌ನಲ್ಲಿ ಎಲ್ಲ ಕಾರಿಗೂ ಇರುತ್ತದೆ."

"ನಿಮ್ಮ ತಲೆ. ನಾಗನ ಹೆಡೆ ಅದು," ಎಂದಳು ಅಪ್ಪಿ. "ಕಾಣುವುದಿಲ್ವಾ, ಎರಡು ಕಣ್ಣು ಉಂಟು."

ಸುಂದರ ಕಾರನ್ನು ಹಿಂದಕ್ಕೆ ನೂಕಿಸಿದ. ಇನ್ಯಾರೋ ಮುಂದಕ್ಕೆ ನೂಕಿಸಿದರು. ಅಪ್ಪಿ ಎಲ್ಲರಿಗೂ ಚಾ ಮಾಡಿದಳು. ಧರ್ಮಪಾಲ ಆ ಗುಂಪಿನ ಮಧ್ಯೆ ಚಾ ಲೋಟ ಹಿಡಿದು, ಮದುಮಗನ ಹಾಗೆ ನಾಚಿಕೊಂಡು ನಿಂತಿದ್ದ. ಮರುದಿನ ಮಧ್ಯಾಹ್ನ ನೋಡಿದರೆ ದೀಪ ತಾನಾಗಿ ಆರಿತ್ತು. ಸುಂದರ ತನ್ನ ನೂಕಾಟದಿಂದ ಎಂದ. ಅಪ್ಪಿ ತನ್ನ ಹರಕೆಯಿಂದ ಎಂದಳು. ಇನ್ನು ಪ್ರತಿ ಶುಕ್ರವಾರ ಕಾರಿನ ಬಾಯಿಗೆ ಪೂಜೆ ತನ್ನದೇ ಎಂದು ಘೋಷಿಸಿದಳು.

ಹೀಗೆ ಪ್ರತಿ ಶುಕ್ರವಾರ ಮಧ್ಯಾಹ್ನ ಅಪ್ಪಿ ಗಂಧ ತೇಯ್ದು ಮೆತ್ತುವುದು, ಸಂಜೆ ಪ್ಲಗ್ ಹಾಕಿದ ಕೂಡಲೇ ಹಳದಿ ದೀಪ ಬರುವುದು, ಊರು ನೆರೆಯುವುದು, ಚಾ, ತರ್ಕ, ಮರುದಿನ ಗಂಧ ಒಣಗುವುದು, ದೀಪ ಆರುವುದು. ದೀಪ ಬಂದದ್ದು ಪೂಜೆ ಕಮ್ಮಿಯಾಗಿ ಎಂದು ಮುಂದಿನ ವಾರ ಇನ್ನಷ್ಟು ಗಂಧ.

ಧರ್ಮಪಾಲ ಲೊರ್ನಾಳ ಬೂತಿನಿಂದ ಬೆಂಗಳೂರಿನ ಕಾರು ಕಂಪೆನಿಗೆ ಫೋನು ಮಾಡಿದ. ಆ ಕಡೆ ಒಂದು ಬೇಸತ್ತ ಧ್ವನಿ.

"ಕೀ ತೆಗೆದುಬಿಡಿ ಸರ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ."

"ಸ್ವಲ್ಪ ಹೊತ್ತು ಅಂದರೆ?"

"ಒಂದು ಕಾಫಿ ಕುಡಿಯುವಷ್ಟು."

"ನಾನು ಕಾಫಿ ಕುಡಿಯುವುದಿಲ್ಲ."

ಧ್ವನಿ ನಿಟ್ಟುಸಿರು ಬಿಟ್ಟಿತು. "ಚಾರ್ಜ್ ಹಾಕುವ ಜಾಗದಲ್ಲಿ ನೀರು, ಕೊಳೆ ಏನಾದರೂ ಹೋಗಿದೆಯಾ ನೋಡಿದ್ದೀರಾ?"

ಧರ್ಮಪಾಲನಿಗೆ ಅವಮಾನವಾಯಿತು. "ಕೊಳೆಯಾ? ವಾರವಾರ ಅಲ್ಲಿ ಪೂಜೆ ಆಗುತ್ತದೆ ಸರ್. ನಿಮ್ಮ ಆಫೀಸಿನ ಟೇಬಲ್ಲಿಗಿಂತ ಚೊಕ್ಕ ಉಂಟು."

"ಹಾಗಾದರೆ ಅದಲ್ಲ," ಎಂದಿತು ಧ್ವನಿ.

ಸುಂದರನ ಸಲಹೆಯಂತೆ ಒಂದು ಭಾನುವಾರ ಕಾಪುವಿನ ಪಾಸ್ಕಲ್‌ನ ವರ್ಕ್‌ಶಾಪಿಗೂ ಹೋದದ್ದಾಯಿತು. ಪಾಸ್ಕಲ್ ಪಂಪ್‌ಸೆಟ್ಟಿನ ಮೋಟಾರು ಸುತ್ತುವವನು. ಅವನು ಪ್ಲಗ್ ಹಾಕಿ ನೋಡಿದ. ಕಾರು ಸಂತೋಷದಿಂದ ಕರೆಂಟು ಕುಡಿಯಿತು.

"ಸರಿ ಉಂಟಲ್ಲ ಮಾರಾಯ್ರೇ. ಸರಿ ಇರುವುದನ್ನು ನಾನು ಹೇಗೆ ಸರಿ ಮಾಡುವುದು? ಹಾಳಾದಾಗ ತನ್ನಿ."

"ಹಾಳಾದಾಗ ಅದು ಇಲ್ಲಿವರೆಗೆ ಬರುವುದಿಲ್ಲ."

"ಅದು ನಿಮ್ಮ ತೊಂದರೆ," ಎಂದ ಪಾಸ್ಕಲ್.

ಕಾರು ಚಾರ್ಜಾಗುವವರೆಗೆ ಧರ್ಮಪಾಲ ಸಮುದ್ರದ ಬದಿಗೆ ಹೋಗಿ ದೀಪಸ್ತಂಭದ ಬಂಡೆಯ ಕೆಳಗೆ ಚರುಮುರಿ ತಿಂದ. ಸುತ್ತಲೂ ಮಕ್ಕಳು, ಅಪ್ಪ ಅಮ್ಮಂದಿರು, ಹೊಸ ಮದುವೆಯವರು. ಒಬ್ಬಾತ ಬಂದು "ಒಂದು ಫೋಟೋ ತೆಗೆಯುತ್ತೀರಾ?" ಎಂದು ಕ್ಯಾಮೆರಾ ಕೊಟ್ಟ. ಹಾಗೆ ಒಬ್ಬರ ಹಿಂದೆ ಒಬ್ಬರು ಬಂದರು. ಎಷ್ಟೋ ಸಂಸಾರಗಳ ಫೋಟೋ ತೆಗೆದು ಧರ್ಮಪಾಲ ಕಾರು ಹತ್ತಿದ.

ಒಂದು ಶುಕ್ರವಾರ ಅಪ್ಪಿ ಅಜೆಕಾರಿನ ತವರಿಗೆ ಹೋಗಿದ್ದಳು. ಪೂಜೆಯಾಗಲಿಲ್ಲ. ಸಂಜೆ ಧರ್ಮಪಾಲ ಪ್ಲಗ್ ಹಾಕಿದ. ದೀಪ ಬರಲಿಲ್ಲ. ಯಾರೂ ಬರಲಿಲ್ಲ. ಅವನು ಕಾರಿನೊಳಗೆ ಕೂತು, ಆರಿದ ದೀಪವನ್ನೂ ಖಾಲಿ ಅಂಗಳವನ್ನೂ ಒಂದಾದ ಮೇಲೊಂದು ನೋಡಿದ. ನಮ್ಮ ರಾಜ ಬುದ್ಧಿವಂತನಲ್ಲ, ಆದರೆ ಗಂಧ ಮತ್ತು ದೀಪವನ್ನು ಜೋಡಿಸಲಾರದಷ್ಟು ದಡ್ಡನೂ ಅಲ್ಲ. ಬೆಂಗಳೂರಿನ ಧ್ವನಿ ಕೇಳಿದ ಪ್ರಶ್ನೆ ಆಗ ಅವನ ತಲೆಯೊಳಗೆ ಇಳಿಯಿತು. ರೋಗ ಗೊತ್ತಾಯಿತು. ಮದ್ದು ಅದಕ್ಕಿಂತ ಸುಲಭ, ಅಪ್ಪಿಗೆ ಒಂದು ಮಾತು ಹೇಳಿದರಾಯಿತು.

ಮುಂದಿನ ಶುಕ್ರವಾರ ಅಪ್ಪಿ, ಅವನು ಆಫೀಸಿನಿಂದ ಬರುವುದನ್ನೇ ಕಾದು, ಗಂಧದ ತಟ್ಟೆ ಹಿಡಿದು ಬಂದಳು. "ಧರ್ಮಣ್ಣ, ಮೊನ್ನೆ ದೀಪ ಬಂತಾ?"

"ಇಲ್ಲ ಅಪ್ಪಿಯಕ್ಕ."

"ಪಾಪ, ನಾನಿಲ್ಲ ಅಂತ ಅದಕ್ಕೂ ಬೇಜಾರಾಗಿರಬೇಕು." ಅವಳು ಬಾಯಿಗೆ ಎರಡು ಬೆರಳಷ್ಟು ಗಂಧ ಮೆತ್ತಿದಳು. ಧರ್ಮಪಾಲ ನೋಡುತ್ತ ನಿಂತ. ಸಂಜೆ ಹಳದಿ ದೀಪ ಹತ್ತಿದ್ದೇ ತಡ, ಅವನೇ ಗೇಟಿನವರೆಗೆ ಓಡಿ, "ಸುಂದರಣ್ಣಾ, ಬಂತು, ಬಂತು," ಎಂದು ಕೂಗಿದ. ಹೆರಿಗೆಯ ಸುದ್ದಿ ಹೇಳುವವನ ದನಿ ಅದು. ಅಂಗಳ ಮತ್ತೆ ತುಂಬಿತು.

ಆ ರಾತ್ರಿ ಅಕ್ಕನಿಗೆ ಫೋನಿನಲ್ಲಿ, "ಕಾರಿಗೆ ಹುಷಾರಿಲ್ಲ ಅಕ್ಕಾ. ಬರುವ ವಾರ ನೋಡುವ," ಎಂದ. ಲೊರ್ನಾ ಬಿಲ್ಲಿನ ಚೀಟಿ ಹರಿದುಕೊಡುತ್ತ, "ಹೋದ ಶುಕ್ರವಾರ ಸರಿ ಇತ್ತಲ್ಲ ಧರ್ಮಣ್ಣ?" ಎಂದಳು.

"ಇತ್ತು."

"ಮತ್ತೆ?"

ಅವನು ಚಿಲ್ಲರೆ ತೆಗೆದುಕೊಳ್ಳಲು ಮರೆತು ಹೊರಟ.

ಹೀಗೇ ಮೇ ತಿಂಗಳು ಮುಗಿಯುತ್ತ ಬಂತು. ಒಂದು ದಿನ ಅಕ್ಕನೇ ಬೂತಿಗೆ ಫೋನು ಮಾಡಿಸಿದಳು.

"ಧರ್ಮು, ಈ ವರ್ಷ ನಾನು ವ್ರತ ಹಿಡಿದಿದ್ದೇನೆ. ಮಳೆ ಶುರುವಾದರೆ ನಾಲ್ಕು ತಿಂಗಳು ಕಾರ್ಕಳದ ಗಡಿ ದಾಟುವುದಿಲ್ಲ. ಮಳೆಗಾಲದಲ್ಲಿ ಎಷ್ಟು ಹುಳಹುಪ್ಪಟೆ ಕಾಲಡಿಗೆ ಬೀಳುತ್ತವೆ, ಅಲ್ವಾ."

"ಅದು ಮುನಿಗಳಿಗಲ್ವಾ ಅಕ್ಕಾ? ಅದೂ ಆಷಾಢದಿಂದ."

"ಅವರು ಆಷಾಢದಿಂದ. ನಾನು ಸ್ವಲ್ಪ ಮೊದಲೇ." ಅಕ್ಕ ಎಲ್ಲದರಲ್ಲೂ ಸ್ವಲ್ಪ ಮೊದಲೇ. ಆಮೇಲೆ ದನಿ ಸಣ್ಣದಾಯಿತು. "ಈ ಭಾನುವಾರ ಬಂದರೆ ಬಂದೆ. ಬರುವ ವರ್ಷದ ಮಾತು ಬರುವ ವರ್ಷ ಇದ್ದವರಿಗೆ. ನೀನು ಎಲ್ಲಿ ಕೂತು ಉಣ್ಣುತ್ತೀಯಾ ಅಂತ ಒಮ್ಮೆ ನೋಡಬೇಕಿತ್ತು, ಅಷ್ಟೆ."

ಶನಿವಾರ ಕಾರ್ಕಳಕ್ಕೆ ಹೊರಡಬೇಕಾದರೆ ಶುಕ್ರವಾರ ರಾತ್ರಿಯೇ ಕಾರಿನ ಹೊಟ್ಟೆ ತುಂಬಬೇಕು. ಧರ್ಮಪಾಲ ಆಫೀಸಿಗೆ ರಜೆ ಹಾಕಿ ಅಂಗಳದಲ್ಲಿ ಕಾದಿದ್ದ, ಮಧ್ಯಾಹ್ನ ಅಪ್ಪಿ ಗಂಧದ ತಟ್ಟೆ ಹಿಡಿದು ಜಗಲಿಯ ಮೆಟ್ಟಿಲಿಳಿದಳು. ಅವಳು ಹೋದ ಮೇಲೆ ಒರೆಸಿಬಿಡಬಹುದಿತ್ತು. ಆದರೆ ದೇವರ ಗಂಧ ಒರೆಸುವ ಧೈರ್ಯ ಧರ್ಮಪಾಲನಿಗಿಲ್ಲ. ಅಪ್ಪಿಯ ಅಡುಗೆಮನೆಯ ಕಿಟಕಿಯೋ, ಕಾರಿನ ಬಾಯಿಗೆ ನೇರ ಎದುರು. ಬೇಡ ಎನ್ನೋಣವೆಂದರೆ ಇಷ್ಟು ವಾರ ಅವಳು ತೇಯ್ದ ಕೊರಡಿನ ಲೆಕ್ಕ ಯಾರು ಕೊಡುವುದು? ತಟ್ಟೆ ಹತ್ತಿರ ಬಂತು. ಧರ್ಮಪಾಲ ಬಾಯಿ ತೆರೆದ.

"ಅಪ್ಪಿಯಕ್ಕ, ಇವತ್ತು ಪೂಜೆ ಬೇಡ. ಸೂತಕ ಉಂಟು."

ತಟ್ಟೆ ಅಲ್ಲೇ ನಿಂತಿತು. "ಅಯ್ಯೋ ದೇವರೇ. ಯಾರಿಗೆ ಎಂತ ಆಯಿತು?"

ಯಾರಿಗೆ ಎಂಬುದನ್ನು ಅವನಿನ್ನೂ ಯೋಚಿಸಿರಲಿಲ್ಲ. "ಮಾವ," ಎಂದ. ಯಾವ ಊರು ಎಂಬ ಪ್ರಶ್ನೆ ಬರುವ ಮೊದಲೇ ಬಾಯಿಗೆ ಬಂದ ಊರನ್ನೂ ಹೇಳಿಬಿಟ್ಟ. "ಅಜೆಕಾರಿನ ಮಾವ."

ಭೂಮಿಯ ಮೇಲೆ ಅಷ್ಟು ಊರುಗಳಿರುವಾಗ ಅಪ್ಪಿಯ ತವರೇ ಅವನ ಬಾಯಿಗೆ ಬರಬೇಕೆ?

"ಅಜೆಕಾರಿನಲ್ಲಿಯಾ? ಎಲ್ಲಿ, ಪೇಟೆಯಿಂದ ಮೇಲೆಯಾ, ಕೆಳಗೆಯಾ?"

"ಮಧ್ಯ."

"ಮಧ್ಯದಲ್ಲಿ ಶಾಲೆ ಮಾತ್ರ ಇರುವುದು."

"ಅದರ ಹಿಂದೆ. ಮಾವ ಹೊರಗೆ ಬರುತ್ತಿದ್ದದ್ದು ಕಮ್ಮಿ."

ಅಪ್ಪಿ ಕಣ್ಣೊರೆಸಿಕೊಂಡಳು. ತನ್ನ ಊರಿನಲ್ಲಿ ತಾನು ನೋಡದ ಒಬ್ಬ ಮುದುಕ ಇದ್ದು ಹೋದನಲ್ಲ ಎಂಬುದು ಅವಳನ್ನು ತಾಗಿತು. ಸಂಜೆಗೆ ಅಂಗಳ ತುಂಬಿತು, ಈ ಸಲ ಸದ್ದಿಲ್ಲದೆ. ಲೊರ್ನಾ ಬೂತು ಮುಚ್ಚಿ ಬಂದು, "ಮೊನ್ನೆ ನಿಮ್ಮ ಅಕ್ಕನ ದನಿ ಸಣ್ಣದಾದಾಗಲೇ ನನಗೆ ಗೊತ್ತಾಯಿತು," ಎಂದಳು. ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅಪ್ಪಿ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ ಮಾಡಿ, ಬಟ್ಟಲು ಸಮೇತ ಮಾಳಿಗೆಗೆ ಕಳಿಸಿದಳು. ಸುಂದರ ಮಾಳಿಗೆ ಹತ್ತಿ ಬಂದು ಚಾಪೆಯ ಮೇಲೆ ಕೂತ. ಮೊದಲ ಸಲ ಬಂದದ್ದು. ಚಾಪೆಯಂಚಿನ ಬಿಚ್ಚಿದ ಎಳೆಯೊಂದನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಮಸ್ಕತ್‌ನಲ್ಲಿರುವಾಗ ನನ್ನ ಅಪ್ಪ ಹೋದರು," ಎಂದ ಕಡೆಗೆ. "ರೂಮಿನಲ್ಲಿ ಒಬ್ಬನೇ ಇದ್ದೆ. ಯಾರಾದರೂ ಬಂದು ಸುಮ್ಮನೆ ಕೂತಿದ್ದರೆ ಸಾಕಿತ್ತು ಅನಿಸಿತ್ತು. ಹಾಗೆ ಬಂದೆ."

ಇಲ್ಲದ ಮಾವನಿಗಾಗಿ ಧರ್ಮಪಾಲನ ಕಣ್ಣಲ್ಲಿ ನಿಜವಾದ ನೀರು ಬಂತು. ಸುಂದರ ಅವನ ಬೆನ್ನು ತಟ್ಟಿದ.

ಗಂಧ ಬೀಳದ ಕಾರು ರಾತ್ರಿಯಿಡೀ ಕರೆಂಟು ಕುಡಿಯಿತು. ಶನಿವಾರ ಧರ್ಮಪಾಲ ಕಾರ್ಕಳಕ್ಕೆ ಹೋಗಿ ಅಕ್ಕನ ಜಗಲಿಯಲ್ಲಿ ಪ್ಲಗ್ ಹಾಕಿ ಮಲಗಿದ. ಭಾನುವಾರ ಬೆಳಿಗ್ಗೆ ನೋಡಿದರೆ ಊರಿಗೇ ಕರೆಂಟಿಲ್ಲ, ಕಾರು ಅರೆಹೊಟ್ಟೆ. ಅಕ್ಕ ಹೊಸ ಸೀರೆಯುಟ್ಟು, ಕೈಯಲ್ಲಿ ಲಿಂಬೆಹಣ್ಣು ಹಿಡಿದು, ಜಗಲಿಯಲ್ಲಿ ಕಾದು ಕೂತಳು. ಕರೆಂಟು ಬಂದು, ಕಾರಿನ ಹೊಟ್ಟೆ ತುಂಬಿ, ಹೊರಡುವಾಗ ಬಿಸಿಲು ಇಳಿದಿತ್ತು.

ಅಕ್ಕ ಕಾರಿನಲ್ಲಿ ಕೂತು ಮೂಗು ಅರಳಿಸಿದಳು. ಏನೂ ಇಲ್ಲ. ಲಿಂಬೆಹಣ್ಣನ್ನು ಮೂಗಿಗೆ ಹಿಡಿದೇ ಕಣ್ಣು ಮುಚ್ಚಿದಳು. ಬಹಳ ಹೊತ್ತಿನ ಮೇಲೆ, "ಬೈಲೂರು ಬಂತಾ?" ಎಂದು ಕೇಳಿದಳು.

"ಬೈಲೂರು ಹೋಯಿತು ಅಕ್ಕಾ. ಇದು ಹಿರಿಯಡ್ಕ."

ಅಕ್ಕ ಕಣ್ಣು ಬಿಟ್ಟು ಹಿಂದೆ ತಿರುಗಿ ನೋಡಿದಳು. ಬೈಲೂರಿನಿಂದ ಆಚೆಯ ಲೋಕ ಅವಳಿಗೆ ಹೊಸದು. ಲಿಂಬೆಹಣ್ಣನ್ನು ಮಡಿಲಿಗೆ ಹಾಕಿಕೊಂಡು ಒಂದೊಂದು ಅಂಗಡಿಯ ಬೋರ್ಡನ್ನೂ ಗಟ್ಟಿಯಾಗಿ ಓದತೊಡಗಿದಳು.

ಪರ್ಕಳದ ಏರಿನಲ್ಲಿ ಕಾರು ಕುಂಯ್ ಎಂದಿತು. ಹಳದಿ ದೀಪ. ಕಾರು ಆಮೆಯಂತೆ ತೆವಳಿ ರಸ್ತೆಬದಿಯಲ್ಲಿ ನಿಂತಿತು.

ಧರ್ಮಪಾಲ ಇಳಿದು ಚಾರ್ಜು ಹಾಕುವ ಮುಚ್ಚಳ ತೆರೆದರೆ, ಏರಿನ ಕುಲುಕಾಟಕ್ಕೆ ಯಾವುದೋ ನೀರು ಒಳಗೆಲ್ಲ ಹರಿದಿತ್ತು. "ಅಕ್ಕಾ, ನಾನು ಒಳಗಿಂದ ಚೀಲ ತರುವಾಗ ಈ ಮುಚ್ಚಳ ತೆರೆದು ಏನಾದರೂ ಮಾಡಿದೆಯಾ?"

"ಏನೂ ಮಾಡಲಿಲ್ಲ. ಬಸದಿಯ ಗಂಧೋದಕ ಸ್ವಲ್ಪ ಹಾಕಿದೆ. ದೇವರ ಅಭಿಷೇಕದ ನೀರು, ಪ್ರಯಾಣಕ್ಕೆ ಒಳ್ಳೆಯದಲ್ವಾ."

ನೂಕಲು ನಾಲ್ಕಾರು ಜನ ಬಂದೇಬಿಟ್ಟರು. "ಪೆಟ್ರೋಲ್ ಖಾಲಿಯಾ?" "ಪೆಟ್ರೋಲ್ ಇಲ್ಲ." "ಅದೇ, ಖಾಲಿಯಾ?" ಧರ್ಮಪಾಲ ಅವರಿಗೆ ಕೈಮುಗಿದು, ಬೆಂಗಳೂರಿನ ಧ್ವನಿ ಹೇಳಿದಂತೆ ಕೀ ತೆಗೆದು, ಮುಚ್ಚಳದ ಮುಂದೆ ಕುಕ್ಕರಗಾಲಲ್ಲಿ ಕೂತ. ಹೊಸ ಟವೆಲು ಕೈಯಲ್ಲಿ ಹಿಡಿದಿದ್ದ, ಕೈ ಮುಂದೆ ಹೋಗಲಿಲ್ಲ.

"ಎಂತ ನೋಡುತ್ತೀಯಾ?" ಎಂದಳು ಅಕ್ಕ.

"ಇದನ್ನು ಒರೆಸಬೇಕು. ಆದರೆ ಗಂಧೋದಕ..."

"ಅಭಿಷೇಕ ಆದ ಮೇಲೆ ದೇವರನ್ನೇ ಒರೆಸುತ್ತೇವೆ ಧರ್ಮು. ಕಾರನ್ನು ಒರೆಸಬಾರದಾ?" ಅಕ್ಕ ಟವೆಲು ಕಸಿದುಕೊಂಡು, ಚಿಕ್ಕಂದಿನಲ್ಲಿ ಅವನ ಕಿವಿ ಒರೆಸುತ್ತಿದ್ದ ಹಾಗೆಯೇ, ತುದಿ ಸುರುಳಿ ಮಾಡಿ ಕಾರಿನ ಬಾಯಿಯ ಮೂಲೆಮೂಲೆ ಒರೆಸಿದಳು. ಹಳೆಯ ಗಂಧದ ಹಕ್ಕಳೆಗಳೂ ಉದುರಿದವು. ಆಮೇಲೆ ಸೆರಗಿನಿಂದ ಗಾಳಿ ಹಾಕಿದಳು. ಸೂರ್ಯ ಗುಡ್ಡದ ಮೇಲಿಂದ ಕೆಂಪಗೆ ನೋಡುತ್ತಿದ್ದ.

ಕೀ ತಿರುಗಿಸಿದಾಗ ದೀಪ ಬರಲಿಲ್ಲ.

ಮಣಿಪಾಲ ದಾಟಿ, ಇಳಿಜಾರು ಇಳಿದು, ಕಡಿಯಾಳಿಯ ಗೇಟು ತಲುಪಿದಾಗ ಸೂರ್ಯ ತೆಂಗಿನ ಮರಗಳ ಸೊಂಟಕ್ಕಿಳಿದಿದ್ದ. ಗೇಟಿನಲ್ಲಿ ಅಪ್ಪಿ, ಸುಂದರ, ಲೊರ್ನಾ, ದುಃಖದ ಮುಖ ಹೊತ್ತು ಸಾಲಾಗಿ ನಿಂತಿದ್ದರು. ಅಪ್ಪಿ ಬಂದು ಅಕ್ಕನ ಎರಡೂ ಕೈ ಹಿಡಿದಳು.

"ಅಜೆಕಾರಿನ ಮಾವನ ವಿಷಯ ಕೇಳಿ ಬಹಳ ಬೇಜಾರಾಯಿತು ಅಕ್ಕಾ."

ಅಕ್ಕ ಅಪ್ಪಿಯ ಮುಖ ನೋಡಿದಳು. ಆಮೇಲೆ ತಮ್ಮನ ಮುಖ ನೋಡಿದಳು. ಆ ಮುಖ ಅವಳಿಗೆ ಹೊಸದಲ್ಲ. ಮನೆಯಲ್ಲಿ ಎಲ್ಲಿಯೋ ಗಡಿಗೆ ಒಡೆದಿದೆ ಎಂದು ಹೇಳುವ ಮುಖ ಅದು. ಆದರೆ ಅಕ್ಕ ಸುಳ್ಳು ಹೇಳುವವಳಲ್ಲ.

"ಆ ಮಾವ," ಎಂದಳು ನಿಧಾನವಾಗಿ, "ನಮಗೆ ಮೊದಲಿನಿಂದಲೂ ಇಲ್ಲದ ಹಾಗೆಯೇ."

"ಅಷ್ಟು ಹಾಳಾಗಿತ್ತಾ ಸಂಬಂಧ," ಎಂದು ಅಪ್ಪಿ ಇನ್ನಷ್ಟು ಮರುಗಿದಳು. "ಸೂತಕ ಕಳೆದ ಮೇಲೆ ಕಾರಿನ ಪೂಜೆ ನಾನೇ ಮಾಡುತ್ತೇನೆ. ಪಾಪ, ಅದರ ಬಾಯಿ ಒಣಗಿಹೋಗಿರಬೇಕು."

"ಎಲ್ಲಿಗೆ ಹಚ್ಚುತ್ತೀರಿ ಗಂಧ?"

"ಬಾಯಿಗೆ. ಭಟ್ಟರು ತೋರಿಸಿದ್ದು."

"ಉಣ್ಣುವ ಬಾಯಿಗೆ ಯಾರಾದರೂ ಕುಂಕುಮ ಹಚ್ಚುತ್ತಾರಾ ತಂಗಿ? ಹಣೆಗೆ ಹಚ್ಚಿ. ಅಗೋ, ಮುಂದೆ ಎಷ್ಟು ಅಗಲ ಹಣೆ ಉಂಟು ಅದಕ್ಕೆ."

ಎಲ್ಲರೂ ಕಾರಿನ ಬಾನೆಟ್ ನೋಡಿದರು. ಇಷ್ಟು ದಿನ ಯಾರಿಗೂ ಕಾಣದ ಹಣೆ ಅಲ್ಲಿ ಹೊಳೆಯುತ್ತಿತ್ತು. "ನಾನು ಆವತ್ತೇ ಹೇಳಿದ್ದೆ," ಎಂದ ಸುಂದರ, ಏನೂ ಹೇಳಿರದಿದ್ದರೂ.

"ಮಾತು ಆಮೇಲೆ. ಮೊದಲು ಊಟ," ಎಂದು ಅಕ್ಕ ಮಾಳಿಗೆಯ ಮೆಟ್ಟಿಲು ಹತ್ತಿದಳು.

ಅಕ್ಕ ಬಂದಾಗ ಮಾಡಬೇಕೆಂದು ಧರ್ಮಪಾಲ ವಾರವಿಡೀ ಯೋಚಿಸಿದ್ದ ಸೌತೆಕಾಯಿ ಹುಳಿ, ಪಾಯಸ ಎಲ್ಲ ಯೋಚನೆಯಲ್ಲೇ ಉಳಿದವು. ಅಕ್ಕಿ ಬೇಯುವಷ್ಟು ಸೂರ್ಯ ಉಳಿದಿರಲಿಲ್ಲ. ಡಬ್ಬಿಯಲ್ಲಿ ಅವಲಕ್ಕಿ ಇತ್ತು. ಬೆಲ್ಲ ಇತ್ತು. ಲೊರ್ನಾ ಓಡಿಹೋಗಿ ಮೊಸರು ತಂದಳು. ಅಪ್ಪಿ ಕೆಳಗಿನಿಂದಲೇ ಕಾಯಿ ತುರಿಯುವ ಸದ್ದು ಕೇಳಿಸಿದಳು. ಅವಲಕ್ಕಿ ಕಲಸಿ ಬಡಿಸಲು ಹೋದಾಗ ಧರ್ಮಪಾಲನ ಕೈ ನಿಂತಿತು. ಬಟ್ಟಲು ಒಂದೇ.

ಆಗ ಮೂಲೆಯಲ್ಲಿ ತೊಳೆದು ಕವುಚಿಟ್ಟ ಅಪ್ಪಿಯ ಬಟ್ಟಲು ಕಂಡಿತು, ಸೂತಕದ ಗಂಜಿಯ ಜೊತೆ ಬಂದದ್ದು. ಅಜೆಕಾರಿನ ಮಾವ ಬಿಟ್ಟುಹೋದ ಆಸ್ತಿ ಅದೊಂದೇ.

ಅಕ್ಕ ಕಿಟಕಿಯ ಹತ್ತಿರ, ದಿನಾ ಅವನು ಕೂರುವ ಕಡೆಯೇ, ಚಾಪೆಯ ಮೇಲೆ ಕೂತಳು. ಕೆಳಗಿನ ಮನೆಯಲ್ಲಿ ಧಾರಾವಾಹಿಯ ನಾಯಕಿ ಅಳತೊಡಗಿದಳು.

"ಯಾರು ಅಳುವುದು?"

"ಅವಳು ದಿನಾ ಅಳುತ್ತಾಳೆ ಅಕ್ಕಾ. ಉಣ್ಣು."

ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ಬೆಲ್ಲ ಜಾಸ್ತಿಯಾಗಿದೆ ಎಂದಳು. ಎರಡನೆಯ ತುತ್ತಿಗೆ ಇನ್ನು ಸ್ವಲ್ಪ ಬೆಲ್ಲ ಕೇಳಿದಳು. ಕಿಟಕಿಯಾಚೆ ತೆಂಗಿನ ಬುಡಗಳ ನಡುವೆ ಸೂರ್ಯ ಕಡೆಯ ಚೂರಿನಷ್ಟು ಉಳಿದು ಕಾಯುತ್ತಿದ್ದ. ಅಕ್ಕ ಬಟ್ಟಲು ಬಳಿದು ತಿಂದು, ನೀರು ಕುಡಿದು, ಕೈ ತೊಳೆದಳು. ಆಮೇಲೆಯೇ ಅವನು ಮುಳುಗಿದ್ದು.